ಬೇಸಿಸ್ಟ್: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ನಿಮ್ಮ ರಾಕ್ ಬ್ಯಾಂಡಿಗೆ ಕೊನೆಗೂ ಒಬ್ಬ ಬೇಸಿಸ್ಟ್ ಸಿಕ್ಕಿದ್ದಾನೆ. ಬೆಂಗಳೂರಿನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಗಿಟಾರಿಸ್ಟ್‌ಗೆ ತಗಲುತ್ತದೆ, ಇನ್ನೊಂದು ಎಸೆದರೆ ಹಾಡುಗಾರನಿಗೆ. ಬೇಸಿಸ್ಟ್ ಹಾಗೆಲ್ಲ ತಗಲುವ ಪ್ರಾಣಿಯಲ್ಲ. ಸಿಕ್ಕರೂ ಆಗಲೇ ಇನ್ನೆರಡು ಬ್ಯಾಂಡುಗಳಲ್ಲಿ ನುಡಿಸುತ್ತಿರುತ್ತಾನೆ. ನಿಮ್ಮ ಗಿಗ್ಗಿನ ತಾರೀಖು ಅವುಗಳ ತಾರೀಖಿಗೆ ಅಡ್ಡ ಬಾರದಂತೆ ನೋಡಿಕೊಳ್ಳುವುದು ಬಳಕೆದಾರರ ಜವಾಬ್ದಾರಿ.

ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಬ್ಯಾಂಡಿನಲ್ಲಿ ಕೈಪಿಡಿ ಓದುವ ಅಭ್ಯಾಸ ಇರುವುದು ಬೇಸಿಸ್ಟ್‌ಗೆ ಮಾತ್ರ ಎಂದು ನಮಗೆ ಗೊತ್ತು. ಆದರೂ ಇದನ್ನು ಅವನ ಕೈಗೆ ಕೊಡಬೇಡಿ, ತಪ್ಪು ತಿದ್ದಿ ವಾಪಸ್ ಕಳಿಸುತ್ತಾನೆ.

ಉದ್ದಕ್ಕೂ ‘ಅವನು’ ಎಂದು ಬರೆದಿರುವುದು ಅಚ್ಚಿನ ಅನುಕೂಲಕ್ಕೆ. 1960ರ ದಶಕದಲ್ಲಿ ಲಾಸ್ ಏಂಜಲೀಸಿನ ಸ್ಟುಡಿಯೊಗಳಲ್ಲಿ ಹಗಲು ರಾತ್ರಿ ಬೇಸ್ ನುಡಿಸಿದವರು ಕ್ಯಾರಲ್ ಕೇ. ಬೀಚ್ ಬಾಯ್ಸ್ ತಂಡದ 1966ರ ‘ಪೆಟ್ ಸೌಂಡ್ಸ್’ನಲ್ಲಿ ಅವರ ಬೆರಳಿದೆ. ನಮ್ಮಲ್ಲಿ ಮುಂಬೈಯ ಮೋಹಿನಿ ಡೇ ನುಡಿಸುವ ವೇಗ ನೋಡಿ ‘ಅವನು’ಗಳು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅಭ್ಯಾಸಕ್ಕೆ ಕೂರುತ್ತಾರೆ.

ಪೆಟ್ಟಿಗೆಯಲ್ಲಿ ಏನೇನಿದೆ

ಒಬ್ಬ ಮನುಷ್ಯ. ನಾಲ್ಕು ತಂತಿಯ ಒಂದು ಬೇಸ್ ಗಿಟಾರ್, ತೂಕ ನಾಲ್ಕು ಕೆ.ಜಿ. ಆಸುಪಾಸು. ಅದನ್ನು ಎರಡು ಗಂಟೆ ಹೊತ್ತು ನಿಂತರೂ ಭುಜ ಕುಯ್ಯದಂಥ ಅಗಲವಾದ ಚರ್ಮದ ಪಟ್ಟಿ. ಒಂದು ಟ್ಯೂನರ್, ಒಂದು ಉದ್ದನೆಯ ಕೇಬಲ್. ಇಷ್ಟು ಅವನಿಗೆ.

ಇನ್ನು ಚೀಲದ ಮುಂಜೇಬಿನಲ್ಲಿ ಇರುವುದೆಲ್ಲ ನಿಮಗೆ. ಗಿಟಾರಿಸ್ಟ್ ಮರೆತು ಬರುವ ಕೇಬಲ್ಲಿಗೆ ಬದಲಿ ಕೇಬಲ್, ಗಿಟಾರಿಸ್ಟ್ ಕಳೆದುಕೊಳ್ಳುವ ಪಿಕ್ಕುಗಳು (ಬೇಸಿಸ್ಟ್ ಬೆರಳಲ್ಲೇ ನುಡಿಸುವವನಾದರೂ), ಡ್ರಮ್ಮರ್‌ಗೆ ಬೇಕಾಗುವ ಕಪ್ಪು ಟೇಪು, ಹಾಡುಗಾರನಿಗೆ ಲವಂಗ, ಐದು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡು, ಆಲನ್ ಕೀ, ತಲೆನೋವಿನ ಮಾತ್ರೆ, ಸೆಟ್‌ಲಿಸ್ಟಿನ ನಾಲ್ಕು ಪ್ರತಿ. ಈ ಜೇಬನ್ನು ಅವನು ತಾನಾಗಿ ತೆರೆಯುವವರೆಗೂ ಕಾಯಿರಿ. ಕೈ ಹಾಕಿದ ಗಿಟಾರಿಸ್ಟ್‌ಗಳು ಬೈಸಿಕೊಂಡಿದ್ದಾರೆ.

ವಾದ್ಯದ ಹುಟ್ಟಿನ ಬಗ್ಗೆ ಎರಡು ಮಾತು. 1951ಕ್ಕೆ ಮೊದಲು ಬೇಸ್ ಎಂದರೆ ಆಳೆತ್ತರದ ಡಬಲ್ ಬೇಸ್. ಅದನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಊರೂರು ಅಲೆಯಬೇಕಿತ್ತು, ಊರು ತಲುಪಿ ನುಡಿಸಿದರೆ ಮುಂದಿನ ಸಾಲಿನವರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆ ವರ್ಷ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ಲಿಯೊ ಫೆಂಡರ್ ಎಂಬ ರೇಡಿಯೊ ರಿಪೇರಿಯವನು ಅದನ್ನು ಮಲಗಿಸಿ, ಚಪ್ಪಟೆ ಮಾಡಿ, ಕುತ್ತಿಗೆಗೆ ಅಡ್ಡಡ್ಡ ಲೋಹದ ಫ್ರೆಟ್ ಕೂರಿಸಿ, ಕರೆಂಟು ಕೊಟ್ಟು ‘ಪ್ರಿಸಿಷನ್ ಬೇಸ್’ ಎಂದು ಮಾರುಕಟ್ಟೆಗೆ ಬಿಟ್ಟ. ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತದೆ ಎಂಬ ಭರವಸೆ ಹೆಸರಿನಲ್ಲೇ ಇತ್ತು. ಸೀಯಾಟಲ್ಲಿನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಇಂಥದೊಂದು ಮಾಡಿದ್ದ, ಆದರೆ ಅದು ಓಡಲಿಲ್ಲ. ಫೆಂಡರನದು ಓಡಿತು, ಇವತ್ತಿಗೂ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಓಡುತ್ತಿದೆ. ಲಿಯೊ ಫೆಂಡರನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದನ್ನು ನಿಮ್ಮ ಗಿಟಾರಿಸ್ಟ್‌ಗೆ ಬೇಕಾದಾಗ ನೆನಪಿಸಬಹುದು.

ಸಾಗಣೆ

ಬೇಸ್ ತಂತಿಯ ಮಿಡಿಯುವ ಉದ್ದ ಸಾಮಾನ್ಯವಾಗಿ 34 ಇಂಚು, ಫೆಂಡರ್ ಗಿಟಾರಿನದು 25.5. ಈ ಎಂಟೂವರೆ ಇಂಚಿನ ವ್ಯತ್ಯಾಸ ವೇದಿಕೆಯ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆಟೊ ಹತ್ತಿದಾಗ ಬೀಳುತ್ತದೆ. ಅಡ್ಡ ಇಟ್ಟರೆ ತಲೆ ಹೊರಗೆ ಚಾಚಿ ಪಕ್ಕದ ಬೈಕಿನವನ ಹೆಲ್ಮೆಟ್ಟಿಗೆ ಬಡಿಯುತ್ತದೆ. ನೆಟ್ಟಗೆ ನಿಲ್ಲಿಸಿದರೆ ಆಟೊದ ರೆಕ್ಸಿನ್ ಸೂರಿಗೆ ಚುಚ್ಚುತ್ತದೆ, ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾನೆ. ಸರಿಯಾದ ವಿಧಾನ: ಬೇಸಿಸ್ಟ್ ಮೂಲೆಗೆ ಒರಗಿ ಕೂತು, ಚೀಲವನ್ನು ಎರಡು ಮೊಣಕಾಲಿನ ನಡುವೆ ಓರೆಯಾಗಿಟ್ಟು, ತಲೆಯ ಭಾಗವನ್ನು ಹೆಗಲಿಗೆ ಆನಿಸಿ, ಪ್ರತಿ ಹಂಪಿನಲ್ಲೂ ಕೈಯಿಂದ ಅದನ್ನು ಸ್ವಲ್ಪ ಎತ್ತಿ ಹಿಡಿಯಬೇಕು. ಕಮ್ಮನಹಳ್ಳಿಯಿಂದ ಕೋರಮಂಗಲದ ಜ್ಯಾಮ್ ರೂಮಿಗೆ ಹೀಗೆ ಬಂದವನು ಮೊದಲ ಹಾಡು ಶುರುವಾಗುವ ಮುನ್ನ ಕೈ ಕೊಡವಿಕೊಂಡರೆ ಅದು ಆಲಸ್ಯವಲ್ಲ.

ಆಂಪ್ಲಿಫೈಯರಿನ ಸಾಗಣೆ ಬೇರೆಯೇ ಅಧ್ಯಾಯ. ರಾಕ್ ಬೇಸಿನ ಸದ್ದಿಗೆ ಇವತ್ತಿಗೂ ಅಳತೆಗೋಲಾಗಿರುವುದು 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ. 14 ವಾಲ್ವುಗಳು, 300 ವ್ಯಾಟು. ಆ ಕಾಲದಲ್ಲಿ ರೋಲಿಂಗ್ ಸ್ಟೋನ್ಸ್ ಅಮೆರಿಕ ಪ್ರವಾಸಕ್ಕೆ ಕೊಂಡೊಯ್ದದ್ದು ಇದನ್ನೇ. ಇದರ ಜೊತೆಗಾರನಾದ ಸ್ಪೀಕರ್ ಪೆಟ್ಟಿಗೆಯಲ್ಲಿ ಹತ್ತಿಂಚಿನ ಎಂಟು ಸ್ಪೀಕರುಗಳು, ಈಗ ಸಿಗುವ ಮಾದರಿಯ ತೂಕ ಅರವತ್ತು ಕೆ.ಜಿ. ಮೀರುತ್ತದೆ. ವೃತ್ತಿಯವರು ಅದನ್ನು ‘ಫ್ರಿಜ್’ ಎಂದೇ ಕರೆಯುತ್ತಾರೆ. ಇಂದಿರಾನಗರದ ಕಡೆಯ ಪಬ್ಬುಗಳೆಲ್ಲ ಮೂರನೇ ಮಹಡಿಯಲ್ಲಿರುತ್ತವೆ, ಲಿಫ್ಟು ಗಿರಾಕಿಗಳಿಗೆ ಮೀಸಲು. ಹೊರುವ ಹೊತ್ತಿಗೆ ಹಾಡುಗಾರನಿಗೆ ಫೋನ್ ಬರುತ್ತದೆ. ಈಗ ಮೂರು ಕೆ.ಜಿ.ಯೊಳಗಿನ ಆಂಪುಗಳು ಬಂದು ಬೇಸಿಸ್ಟ್‌ಗಳ ಬೆನ್ನು ಉಳಿದಿದೆ. ಹಳಬರು ಮಾತ್ರ ಇವುಗಳಲ್ಲಿ ‘ಆ ದಮ್ಮು ಇಲ್ಲ’ ಎನ್ನುತ್ತಾರೆ. ಹಾಗೆನ್ನುವವರು ಹೊರುವುದನ್ನು ಬಿಟ್ಟು ಬಹಳ ವರ್ಷವಾಗಿರುತ್ತದೆ.

ಜೋಡಣೆ

ಬೇಸಿಸ್ಟ್‌ನನ್ನು ಡ್ರಮ್ಮರನ ಹೈ-ಹ್ಯಾಟ್ ಇರುವ ಬದಿಗೆ ನಿಲ್ಲಿಸಿ. ಅವನು ನೋಡಬೇಕಾದ್ದು ಡ್ರಮ್ಮರನ ಮುಖವನ್ನಲ್ಲ, ಬಲಗಾಲನ್ನು. ಆ ಕಾಲು ಕಿಕ್ ಡ್ರಮ್ಮನ್ನು ಒದ್ದ ಕ್ಷಣವೇ ಇವನ ಬೆರಳು ತಂತಿಯಿಂದ ಕಳಚಬೇಕು. ಎರಡೂ ಸದ್ದು ಒಂದೇ ಸದ್ದಾಗಿ ಕೇಳಿದರೆ ಜೋಡಣೆ ಸರಿಯಾಗಿದೆ. ಬೇರೆ ಬೇರೆ ಕೇಳಿದರೆ ಇಬ್ಬರಿಗೂ ಜಗಳವಾಗಿದೆ ಎಂದು ಅರ್ಥ, ಮೊದಲು ಅದನ್ನು ಬಗೆಹರಿಸಿ.

ಯಕ್ಷಗಾನದಲ್ಲಿ ಚೆಂಡೆಯ ಪೆಟ್ಟಿಗೆ ನಿದ್ದೆಗಣ್ಣಿನವರೂ ಎದ್ದು ಕೂರುತ್ತಾರೆ, ಭಾಗವತರನ್ನು ಬೆಳಗಿನತನಕ ಹೊತ್ತು ನಡೆಸುವುದು ಮದ್ದಳೆ. ಬೇಸಿಸ್ಟ್‌ನ ಕೆಲಸ ಆ ಜಾತಿಯದು. ಗಿಟಾರಿಸ್ಟ್ ಒಂದು ಕಾರ್ಡ್ ಹಿಡಿದಾಗ ಅದರ ಕೆಳಗೆ ಯಾವ ಸ್ವರ ಇಡಬೇಕು ಎಂದು ತೀರ್ಮಾನಿಸುವವನು ಇವನು. ಮೂಲ ಸ್ವರ ಇಟ್ಟರೆ ಕೇಳುಗನಿಗೆ ಮನೆ ಸೇರಿದ ಹಾಗೆನಿಸುತ್ತದೆ. ಅದೇ ಕಾರ್ಡಿನ ಕೆಳಗೆ ಬೇರೆ ಸ್ವರ ಇಟ್ಟರೆ ಏನೋ ಬಾಕಿ ಉಳಿದಂತಾಗುತ್ತದೆ. ಗಿಟಾರಿಸ್ಟ್ ಬೆರಳು ಅಲ್ಲಾಡಿಸಿಲ್ಲ, ಹಾಡುಗಾರ ಅದೇ ಸಾಲು ಹಾಡುತ್ತಿದ್ದಾನೆ, ಆದರೂ ಹಾಡಿನ ಭಾವ ಬದಲಾಗಿದೆ. ಪಾಲ್ ಮಕಾರ್ಟ್ನಿ ಬೀಟಲ್ಸ್ ಹಾಡುಗಳಲ್ಲಿ ಮಾಡಿದ್ದು ಬಹುಪಾಲು ಇದನ್ನೇ. ಅವರು ಬೇಸಿಗೆ ಬಂದದ್ದೂ ಆಸೆಪಟ್ಟಲ್ಲ. 1961ರಲ್ಲಿ ಹ್ಯಾಂಬರ್ಗಿನಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ತಂಡ ಬಿಟ್ಟಾಗ ಮಿಕ್ಕ ಗಿಟಾರಿಸ್ಟ್‌ಗಳಿಬ್ಬರೂ ಒಲ್ಲೆ ಎಂದರು, ವಾದ್ಯ ಇವರ ಕೊರಳಿಗೆ ಬಿತ್ತು.

ಕೈಗಳ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ. ಬಲಗೈಯ ತೋರುಬೆರಳು, ನಡುಬೆರಳು ನಡೆಯುವವನ ಕಾಲಿನಂತೆ ಸರದಿಯ ಮೇಲೆ ತಂತಿ ದಾಟುತ್ತವೆ. ಹೆಬ್ಬೆರಳು ಸುಮ್ಮನೆ ಒರಗಿದಂತೆ ಕಂಡರೂ ದಪ್ಪ ತಂತಿಯ ಬಾಯಿ ಮುಚ್ಚಿಸುತ್ತಿರುತ್ತದೆ, ಇಲ್ಲದಿದ್ದರೆ ಅದು ತಾನಾಗಿ ಗುನುಗಲು ಶುರುಮಾಡುತ್ತದೆ. ಎಡಗೈ ಸ್ವರ ಹಿಡಿಯುತ್ತದೆ. ಸ್ನೇರ್ ಡ್ರಮ್ಮಿನ ಏಟು ಬೀಳುವ ಹೊತ್ತಿಗೆ ಒತ್ತಡವನ್ನು ಒಂದು ಕೂದಲೆಳೆಯಷ್ಟು ಸಡಿಲಿಸುತ್ತದೆ. ಬೆರಳು ತಂತಿ ಬಿಟ್ಟಿಲ್ಲ, ಫ್ರೆಟ್ಟಿಗೆ ತಾಗಿಯೂ ಇಲ್ಲ. ಸ್ವರ ಸತ್ತಿತು. ಆ ಖಾಲಿ ಜಾಗದಲ್ಲಿ ಸ್ನೇರ್ ಬೀಳುತ್ತದೆ, ಕೇಳುಗನ ತಲೆ ಆಡುತ್ತದೆ, ಡ್ರಮ್ಮರನಿಗೆ ಶಹಬ್ಬಾಸ್ ಸಿಗುತ್ತದೆ. ಹೊಸ ಬೇಸಿಸ್ಟ್‌ನನ್ನು ಪರೀಕ್ಷಿಸುವುದಾದರೆ ಎಷ್ಟು ವೇಗವಾಗಿ ನುಡಿಸುತ್ತಾನೆ ಎಂದು ಕೇಳಬೇಡಿ. ಸ್ವರವನ್ನು ಎಲ್ಲಿ ನಿಲ್ಲಿಸುತ್ತಾನೆ ನೋಡಿ.

ವಿದ್ಯುತ್ ಸಂಪರ್ಕ

ನಮ್ಮ ಕರೆಂಟು 50 ಹರ್ಟ್ಸಿನದು. ಅರ್ಥಿಂಗ್ ಸರಿಯಿಲ್ಲದ ಕಡೆ ಆಂಪಿನಲ್ಲಿ ಕೇಳುವ ಗುಂಯ್ ಎಂಬ ಸದ್ದು ಅದರದೇ. ಬೇಸಿನ ದಪ್ಪ ತಂತಿ ಬಿಟ್ಟು ಮಿಡಿದರೆ ಸುಮಾರು 41 ಹರ್ಟ್ಸ್, ಅದರ ಮೂರನೇ ಫ್ರೆಟ್ಟಿನ ಜಿ ಸ್ವರ 49. ಎಂದರೆ ಭಾರತದ ಕಟ್ಟಡಗಳೆಲ್ಲ ಹಗಲಿರುಳು ಜಿ ಸ್ವರಕ್ಕಿಂತ ಒಂಚೂರು ಏರಿ ಗುನುಗುತ್ತಿವೆ, ನಿಮ್ಮ ಬೇಸಿಸ್ಟ್ ಆ ಸ್ವರ ನುಡಿಸಿದಾಗಲೆಲ್ಲ ಗೋಡೆಯೊಂದಿಗೆ ಅಪಸ್ವರದ ಜುಗಲ್‌ಬಂದಿ ನಡೆಯುತ್ತದೆ. ಜಿ ಶ್ರುತಿಯ ಹಾಡಿಗೆ ಅವನು ಮುಖ ಗಂಟಿಕ್ಕಿದರೆ ಕಾರಣ ಇದಿರಬಹುದು. ಅಮೆರಿಕದ ಕರೆಂಟು 60 ಹರ್ಟ್ಸಿನದಾದ್ದರಿಂದ ಅಲ್ಲಿನವರ ಜಗಳ ಬೇರೆ ಸ್ವರದ ಜೊತೆ.

‘ಆ್ಯಕ್ಟಿವ್’ ಬೇಸಿನ ಹೊಟ್ಟೆಯಲ್ಲಿ ಒಂದು 9 ವೋಲ್ಟಿನ ಚೌಕ ಬ್ಯಾಟರಿ ಇರುತ್ತದೆ. ಅದಕ್ಕೆ ಸ್ವಿಚ್ ಇಲ್ಲ. ಕೇಬಲ್ ಚುಚ್ಚಿದರೆ ಆನ್, ಕಿತ್ತರೆ ಆಫ್. ಜ್ಯಾಮ್ ಮುಗಿಸಿ ಎಲ್ಲರೂ ಚಹಾಕ್ಕೆ ಹೋದಾಗ ಕೇಬಲ್ ಹಾಗೇ ಬಿಟ್ಟರೆ ಬ್ಯಾಟರಿ ಸದ್ದಿಲ್ಲದೆ ಖಾಲಿಯಾಗುತ್ತಾ ಹೋಗುತ್ತದೆ. ಅದು ಒಮ್ಮೆಲೇ ಸಾಯುವುದಿಲ್ಲ. ಮೂರನೇ ಹಾಡಿನಲ್ಲಿ ಸದ್ದು ಸ್ವಲ್ಪ ಒಡೆಯುತ್ತದೆ, ಸೌಂಡ್ ಎಂಜಿನಿಯರ್ ಕೇಬಲ್ ಬದಲಿಸುತ್ತಾನೆ. ಐದನೇ ಹಾಡಿನಲ್ಲಿ ಕೆರೆದಂತಾಗುತ್ತದೆ, ಹಾಡುಗಾರ ಹಿಂತಿರುಗಿ ನೋಡುತ್ತಾನೆ. ಆರನೆಯದರಲ್ಲಿ ಬೇಸ್ ಇಲ್ಲ. ಬೇಸಿಸ್ಟ್ ಚಹಾದ ನಡುವೆ ಎದ್ದು ಓಡಿದರೆ ತಡೆಯಬೇಡಿ.

ಸೌಂಡ್‌ಚೆಕ್ಕಿನಲ್ಲಿ ಡ್ರಮ್ಮಿಗೆ ನಲವತ್ತು ನಿಮಿಷ, ಗಿಟಾರಿಗೆ ಇಪ್ಪತ್ತು ಹೋಗುತ್ತದೆ. ಬೇಸ್ ಕೇಬಲನ್ನು, ಸದ್ದನ್ನು ನೇರ ಮಿಕ್ಸರಿಗೆ ಕಳಿಸುವ ಡಿಐ ಪೆಟ್ಟಿಗೆಗೆ ಚುಚ್ಚಿ, ಎರಡು ಸ್ವರ ಕೇಳಿ, ಎಂಜಿನಿಯರ್ ಹೆಬ್ಬೆರಳು ಎತ್ತುತ್ತಾನೆ. ಮುಗಿಯಿತು. ಅಷ್ಟು ದೂರ ಹೊತ್ತು ತಂದ ಆಂಪು ಕೇಳಿಸುವುದು ಬಹುಮಟ್ಟಿಗೆ ಬೇಸಿಸ್ಟ್‌ನ ಮೊಣಕಾಲಿಗೆ.

ತೊಂದರೆ: ಬೇಸ್ ಕೇಳಿಸುತ್ತಿಲ್ಲ

ನಮಗೆ ಬರುವ ದೂರುಗಳಲ್ಲಿ ಇದೇ ಹೆಚ್ಚು. ಮೊದಲು ಗಿಟಾರಿಸ್ಟ್‌ನ ಆಂಪಿನ ಬಳಿಗೆ ಹೋಗಿ. ಅವನು ತನ್ನ ಸದ್ದನ್ನು ಮಲಗುವ ಕೋಣೆಯಲ್ಲಿ ಒಬ್ಬನೇ ಕೂತು ಹೊಂದಿಸಿದ್ದಾನೆ. ಅಲ್ಲಿ ಬೇಸಿಸ್ಟ್ ಇರಲಿಲ್ಲವಾದ್ದರಿಂದ ಕೆಳಗಿನ ಜಾಗವನ್ನೂ ತಾನೇ ತುಂಬಿಕೊಂಡಿದ್ದಾನೆ. ಅವನ ಆಂಪಿನಲ್ಲಿ ಬೇಸ್ ಎಂದು ಬರೆದಿರುವ ನಾಬನ್ನು ಅವನು ನೀರು ಕುಡಿಯುತ್ತಿರುವಾಗ ಎಡಕ್ಕೆ ತಿರುಗಿಸಿ. ಗೊತ್ತಾಗುವುದಿಲ್ಲ.

ಆಮೇಲೂ ಕೇಳಿಸದಿದ್ದರೆ ದೋಷ ಮನುಷ್ಯನ ಕಿವಿಯದು. ತಗ್ಗು ಸ್ವರಗಳಿಗೆ ಅದು ಮಂದ. 41 ಹರ್ಟ್ಸಿನ ಸದ್ದು ಸಾವಿರ ಹರ್ಟ್ಸಿನ ಸದ್ದಿನಷ್ಟೇ ಜೋರಾಗಿದೆ ಎನಿಸಬೇಕಾದರೆ ಅದಕ್ಕೆ ಎಷ್ಟೋ ಪಾಲು ಹೆಚ್ಚು ಶಕ್ತಿ ಬೇಕು. 300 ವ್ಯಾಟು ಸುಮ್ಮನೆ ಅಲ್ಲ. ಇನ್ನು ಫೋನಿನ ಸ್ಪೀಕರ್ ಆ ಸ್ವರವನ್ನು ಹೊರಡಿಸಲಾರದು, ಅದರ ವ್ಯಾಪಾರ ಶುರುವಾಗುವುದೇ ಎಷ್ಟೋ ಮೇಲೆ. ಆದರೂ ಫೋನಿನಲ್ಲಿ ಹಾಡು ಕೇಳುವಾಗ ಬೇಸ್ ಇದ್ದಂತೆ ಅನಿಸುತ್ತದಲ್ಲ, ಅದು ಮಿದುಳಿನ ಕೈಚಳಕ. ಮೂಲ ಸ್ವರದ ಮೇಲಿನ ಉಪಸ್ವರಗಳಷ್ಟೇ ಕಿವಿಗೆ ಬೀಳುತ್ತವೆ, ಅವುಗಳ ನಡುವಿನ ಅಂತರದಿಂದ ಮಿದುಳು ಕೆಳಗಿನದನ್ನು ಊಹಿಸಿ ತುಂಬಿಕೊಳ್ಳುತ್ತದೆ. ಬೇಸಿಸ್ಟ್‌ನ ಕೆಲಸವನ್ನು ಕೇಳುಗನೇ ಪುಕ್ಕಟೆ ಮಾಡಿಕೊಡುತ್ತಿದ್ದಾನೆ. ಇದನ್ನು ಬೇಸಿಸ್ಟ್‌ಗೆ ಹೇಳಬೇಡಿ, ಸಂಭಾವನೆಯ ದಿನವಂತೂ ಬೇಡವೇ ಬೇಡ.

ಕಾನೂನಿನ ಕಿವಿಯೂ ಹಾಗೇ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಆ ಅಳತೆ ‘ಎ’ ತೂಕದ್ದು, ಮನುಷ್ಯನ ಕಿವಿಯನ್ನು ಅನುಕರಿಸಿ ತಗ್ಗು ಸದ್ದುಗಳಿಗೆ ರಿಯಾಯಿತಿ ಕೊಡುವಂಥದು. 40 ಹರ್ಟ್ಸಿನ ಆಸುಪಾಸಿನಲ್ಲಿ ಈ ರಿಯಾಯಿತಿ ಸುಮಾರು 35 ಡೆಸಿಬೆಲ್. ಮೀಟರ್ ಹಿಡಿದು ಬಂದ ಅಧಿಕಾರಿಗೆ ಗಿಟಾರು, ತಾಳ, ಹಾಡುಗಾರನ ಕಿರುಚಾಟ ಎಲ್ಲ ಸಿಗುತ್ತದೆ, ಬೇಸಿಸ್ಟ್ ಹೆಚ್ಚುಕಡಿಮೆ ನಿರಪರಾಧಿ.

ಹಾಗಾದರೆ ಬೇಸ್ ಕೇಳಿಸುವುದು ಯಾರಿಗೆ? ಪಕ್ಕದ ಮನೆಯವರಿಗೆ. ಆ ದಪ್ಪ ತಂತಿಯ ಸದ್ದಿನ ಅಲೆ ಗಾಳಿಯಲ್ಲಿ ಎಂಟು ಮೀಟರಿಗೂ ಉದ್ದ. ಜ್ಯಾಮ್ ರೂಮಿನ ಗೋಡೆಗೆ ನೀವು ಅಂಟಿಸಿರುವ ಎರಡಿಂಚಿನ ಸ್ಪಂಜು, ಸ್ನೇಹಿತನ ಅಂಗಡಿಯಿಂದ ತಂದ ಮೊಟ್ಟೆಯ ಟ್ರೇಗಳು ಅದರ ಲೆಕ್ಕಕ್ಕೇ ಇಲ್ಲ. ಗೋಡೆ ಏರು ಸ್ವರಗಳನ್ನೆಲ್ಲ ಒಳಗೇ ಹಿಡಿದಿಟ್ಟು ತಗ್ಗು ಸ್ವರವನ್ನು ಆಚೆ ಬಿಡುತ್ತದೆ. ಹೀಗಾಗಿ ಹಾಡುಗಾರ ಏನು ಹಾಡಿದ, ಗಿಟಾರಿಸ್ಟ್ ಎಷ್ಟು ಚೆನ್ನಾಗಿ ನುಡಿಸಿದ ಎಂಬುದು ಆಚೆ ಮನೆಯವರಿಗೆ ಗೊತ್ತಿಲ್ಲ. ಬೇಸಿಸ್ಟ್ ಎರಡನೇ ಚರಣದಲ್ಲಿ ಎಲ್ಲಿ ತಪ್ಪಿದ ಎಂಬುದು ಗೊತ್ತು. ಅವನ ನುಡಿಸಾಣಿಕೆಯನ್ನು ಇಡೀ ಊರಿನಲ್ಲಿ ಗಮನವಿಟ್ಟು ಕೇಳಿದ ಒಬ್ಬರೇ ವ್ಯಕ್ತಿ ದೂರು ಕೊಡಲು ಬಾಗಿಲು ತಟ್ಟುತ್ತಾರೆ. ಬಾಗಿಲು ತೆರೆದು ಕ್ಷಮೆ ಕೇಳುವವನು, ನಿಮಗೆ ಗೊತ್ತಿರುವಂತೆ, ಬೇಸಿಸ್ಟ್.

ಇಷ್ಟೆಲ್ಲ ಪರಿಶೀಲಿಸಿಯೂ ಬೇಸ್ ಸಿಗದಿದ್ದರೆ ನಿಮ್ಮ ಕೈಯಲ್ಲಿರುವುದು ಮೆಟಾಲಿಕಾದ 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಇರಬೇಕು. ಜೇಸನ್ ನ್ಯೂಸ್ಟೆಡ್ ಆ ತಂಡದೊಂದಿಗೆ ನುಡಿಸಿದ ಮೊದಲ ಪೂರ್ಣ ಆಲ್ಬಮ್ ಅದು. ಅದರಲ್ಲಿ ಅವರು ನುಡಿಸಿದ್ದಾರೆ ಎಂಬುದಕ್ಕೆ ಆಲ್ಬಮ್ಮಿನ ಹೊದಿಕೆಯ ಮೇಲಿನ ಹೆಸರೇ ಮುಖ್ಯ ಸಾಕ್ಷಿ. ಅದು ರಿಪೇರಿಯಾಗುವುದಿಲ್ಲ.

ನಿರ್ವಹಣೆ

ಗಿಟಾರಿನ ತೆಳು ತಂತಿ ಕಾಲು ಮಿಲಿಮೀಟರು, ಬೇಸಿನ ದಪ್ಪ ತಂತಿ ಎರಡೂವರೆ ಮೀರಿದ್ದು. ನಾಲ್ಕೂ ಸೇರಿ ಕುತ್ತಿಗೆಯನ್ನು ಸುಮಾರು 80 ಕೆ.ಜಿ. ಬಲದಿಂದ ಎಳೆಯುತ್ತಿರುತ್ತವೆ. ಮಳೆಗಾಲದಲ್ಲಿ ಮರ ತೇವ ಹೀರಿ ಕುತ್ತಿಗೆ ಬಾಗಿದರೆ ಒಳಗಿನ ಸರಳನ್ನು ಆಲನ್ ಕೀಯಿಂದ ಕಾಲು ಸುತ್ತು ತಿರುಗಿಸಬೇಕು. ಕಾಲೇ ಸುತ್ತು.

ತಂತಿಯ ಸೆಟ್ಟಿನ ಬೆಲೆ ಗಿಟಾರ್ ಸೆಟ್ಟಿನ ಮೂರ್ನಾಲ್ಕು ಪಟ್ಟು. ಹೊಸದರಲ್ಲಿ ಅದು ಪಿಯಾನೊದ ಹಾಗೆ ಟಣ್ಣೆನ್ನುತ್ತದೆ, ಬೆವರು ಕುಡಿದ ಮೇಲೆ ಧಬ್ಬೆನ್ನುತ್ತದೆ. ಬಡ ಬೇಸಿಸ್ಟ್‌ಗಳು ಇದಕ್ಕೊಂದು ಪಾಕ ಕಂಡುಕೊಂಡಿದ್ದಾರೆ. ತಂತಿಗಳನ್ನು ಬಿಚ್ಚಿ, ಸುರುಳಿ ಸುತ್ತಿ, ಕುದಿಯುವ ನೀರಿಗೆ ಹಾಕಿ ಹತ್ತು ನಿಮಿಷ ಬೇಯಿಸುವುದು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಬೂದುಬಣ್ಣದ ಪಸೆ ತೇಲುತ್ತದೆ: ಬೆರಳಿನ ಜಿಡ್ಡು, ಸತ್ತ ಚರ್ಮ, ಆರು ತಿಂಗಳ ಗಿಗ್ಗುಗಳ ಸಾರ. ತೆಗೆದು ಒಣಗಿಸಿ ಮತ್ತೆ ಕಟ್ಟಿದರೆ ಕೆಲವು ದಿನ ಹೊಸದರಂತೆ ಮೊಳಗುತ್ತದೆ, ಆಮೇಲೆ ಮೊದಲಿಗಿಂತ ಬೇಗ ಸಾಯುತ್ತದೆ. ಸಾರಿನ ಪಾತ್ರೆ ಬಳಸಬಾರದು. ಬಳಸಿದರೆ ಮನೆಯಲ್ಲಿ ಹೇಳಬಾರದು.

ಈ ಗೋಜೇ ಬೇಡ ಎಂದವರು ಡೆಟ್ರಾಯಿಟಿನ ಜೇಮ್ಸ್ ಜೇಮರ್ಸನ್. ಮೋಟೌನ್ ಕಂಪನಿಯ 1960ರ ದಶಕದ ಹಿಟ್ ಹಾಡುಗಳ ರಾಶಿಯಲ್ಲಿ ಬಹುಪಾಲಿಗೆ ಬೇಸ್ ಅವರದು. ತಂತಿ ಹರಿಯುವವರೆಗೂ ಬದಲಿಸುತ್ತಿರಲಿಲ್ಲ. ನಾನು ಮೇಲೆ ಹೇಳಿದ ಎರಡು ಬೆರಳಿನ ನಡಿಗೆಯೂ ಅವರಲ್ಲಿಲ್ಲ, ಒಂದೇ ತೋರುಬೆರಳು, ಅದನ್ನೇ ‘ಹುಕ್’ ಎನ್ನುತ್ತಿದ್ದರು. ಆ ಒಂದು ಬೆರಳು ಮತ್ತು ಜಿಡ್ಡುಗಟ್ಟಿದ ತಂತಿಗಳಿಂದ ಹೊರಟದ್ದನ್ನು ಜಗತ್ತೇ ಕುಣಿದು ಕೇಳಿತು. ಆದರೆ ಮೋಟೌನ್ ಆಲ್ಬಮ್ಮೊಂದರ ಹೊದಿಕೆಯ ಮೇಲೆ ಅವರ ಹೆಸರು ಕಾಣಿಸಲು 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಬರಬೇಕಾಯಿತು. ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2000ದಲ್ಲಿ, ಅವರು ತೀರಿಕೊಂಡು 16 ವರ್ಷ ದಾಟಿದ ಮೇಲೆ.

ಕಳ್ಳತನ

ಬೇಸಿಸ್ಟ್‌ಗಳ ಬೆಲೆ ಸಕಾಲಕ್ಕೆ ತಿಳಿದವರು ಕಳ್ಳರು. ಜೇಮರ್ಸನ್ ಅವರ 1962ರ ಪ್ರಿಸಿಷನ್ ಬೇಸ್ ಅವರು ಸಾಯುವ ಸ್ವಲ್ಪ ಮೊದಲು ಕಳುವಾಯಿತು. ಮಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ ಪಿಟೀಲಿನಾಕಾರದ ಹಾಫ್ನರ್, 1972ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ನಿಂತಿದ್ದ ವ್ಯಾನಿನಿಂದ ಹೋಯಿತು. ಎಡಗೈಯವರಾದ ಅವರಿಗೆ ತಲೆಕೆಳಗು ಹಿಡಿದರೂ ವಿಕಾರ ಕಾಣದ ವಾದ್ಯ ಅದು. ಯಾರದೋ ಮನೆಯ ಅಟ್ಟದ ಮೇಲಿದ್ದು ಅರ್ಧ ಶತಮಾನದ ನಂತರ ಮಾಲೀಕರನ್ನು ಸೇರಿತು, 2024ರ ಫೆಬ್ರುವರಿಯಲ್ಲಿ ಸುದ್ದಿಯಾಯಿತು. ಬೇಸಿಸ್ಟ್ ಜಾಕೊ ಪಾಸ್ಟೋರಿಯಸ್ ಫ್ರೆಟ್ಟಿಲ್ಲದ ತಮ್ಮ ಫೆಂಡರ್ ಜಾಜ್ ಬೇಸಿಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದು ಹಾಡುವಂತೆ ಮಾಡಿದ್ದರು. ಅದು 1986ರಲ್ಲಿ ನ್ಯೂಯಾರ್ಕಿನ ಪಾರ್ಕೊಂದರಿಂದ ಮಾಯವಾಗಿ ಎರಡು ದಶಕದ ಮೇಲೆ ಪತ್ತೆಯಾಯಿತು. ಹಣ ಕೊಟ್ಟು ಅದನ್ನು ಬಿಡಿಸಿಕೊಳ್ಳಲು ನೆರವಾದವರು ರಾಬರ್ಟ್ ಟ್ರುಹಿಯೊ. ಅವರೂ ಬೇಸಿಸ್ಟ್, ಅದೇ ಮೆಟಾಲಿಕಾದವರು. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಏಡಿಯಂತೆ ಬಗ್ಗಿ ವೇದಿಕೆ ಸುತ್ತಿದವರನ್ನು ನೋಡಿದ್ದರೆ, ಅವರೇ. ಅವರ ಬೇಸ್ ಕೇಳಿಸಿತ್ತು.

ಬೇಸಿಸ್ಟ್ ಇಲ್ಲದೆ ಬಳಸುವ ವಿಧಾನ

ಸಾಧ್ಯವಿದೆ. ಡೋರ್ಸ್ ತಂಡದಲ್ಲಿ ಬೇಸಿಸ್ಟ್ ಇರಲಿಲ್ಲ, ರೇ ಮಂಜ಼ಾರೆಕ್ ಎಡಗೈಯಿಂದ ಕೀಬೋರ್ಡಿನಲ್ಲೇ ಬೇಸ್ ನುಡಿಸುತ್ತಿದ್ದರು. ಸ್ಟುಡಿಯೊಗೆ ಹೋದಾಗ ಮಾತ್ರ ಹೊರಗಿನಿಂದ ಬೇಸಿಸ್ಟ್‌ಗಳನ್ನು ಕರೆಸುತ್ತಿದ್ದರು. ಪ್ರಿನ್ಸ್ 1984ರಲ್ಲಿ ‘ವೆನ್ ಡವ್ಸ್ ಕ್ರೈ’ ಹಾಡಿನಿಂದ ಬೇಸನ್ನೇ ಕಿತ್ತುಹಾಕಿದರು, ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ನೀವು ಪ್ರಿನ್ಸ್ ಆಗಿದ್ದರೆ ಪ್ರಯತ್ನಿಸಬಹುದು.

ವಾರಂಟಿ

ಬೀಳಿಸುವುದು, ಒಡೆಯುವುದು, ಬಿಯರ್ ಚೆಲ್ಲುವುದು ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ. ಕ್ಲ್ಯಾಶ್ ತಂಡದ ಪಾಲ್ ಸಿಮೊನನ್ 1979ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪಲೇಡಿಯಂನಲ್ಲಿ ತಮ್ಮ ಪ್ರಿಸಿಷನ್ ಬೇಸನ್ನು ಕೊಡಲಿಯಂತೆ ಎತ್ತಿ ನೆಲಕ್ಕೆ ಅಪ್ಪಳಿಸಿದರು. ಪೆನಿ ಸ್ಮಿತ್ ತೆಗೆದ ಆ ಮಸುಕು ಫೋಟೊ ‘ಲಂಡನ್ ಕಾಲಿಂಗ್’ ಆಲ್ಬಮ್ಮಿನ ಮುಖಪುಟವಾಯಿತು. ಬೇಸಿಸ್ಟ್ ಒಬ್ಬನೇ ಮುಖಪುಟಕ್ಕೆ ಬರಲು ಏನು ಮಾಡಬೇಕು ಎಂದು ನಿಮ್ಮವನು ಕೇಳಿದರೆ ಈ ಚಿತ್ರ ತೋರಿಸಬೇಡಿ.

ವಿಲೇವಾರಿ

ಬೇಸಿಸ್ಟ್‌ನನ್ನು ತೆಗೆದುಹಾಕುವ ಯೋಚನೆ ಪ್ರತಿ ಬ್ಯಾಂಡಿಗೂ ಒಂದಲ್ಲ ಒಂದು ದಿನ ಬರುತ್ತದೆ. ಮೊದಲು ನಿಮ್ಮದು ಯಾವ ಮಾದರಿ ನೋಡಿಕೊಳ್ಳಿ. ಕ್ವೀನ್ ತಂಡದ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಪದವೀಧರ, ಮಿತಭಾಷಿ. ಕಸದ ತೊಟ್ಟಿಯಲ್ಲಿ ಸಿಕ್ಕ ಸರ್ಕ್ಯೂಟಿನಿಂದ ಅವರು ಮಾಡಿಕೊಟ್ಟ ಪುಟಾಣಿ ಆಂಪನ್ನು ಗಿಟಾರಿಸ್ಟ್ ಬ್ರಯಾನ್ ಮೇ ದಶಕಗಟ್ಟಲೆ ಬಳಸಿದರು. 1980ರಲ್ಲಿ ಅದೇ ಡೀಕನ್ ಬೇಸ್ ಸಾಲೊಂದರ ಮೇಲೆ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಕಟ್ಟಿ ತಂಡಕ್ಕೆ ಅಮೆರಿಕದಲ್ಲಿ ಮೊದಲ ಸ್ಥಾನ ತಂದರು. ಸುಮ್ಮನಿರುವವನು ಖಾಲಿ ಎಂದುಕೊಳ್ಳಬೇಡಿ. ಕೆಲವರ ವಿಷಯದಲ್ಲಿ ತೆಗೆದುಹಾಕುವ ಅಧಿಕಾರವೇ ಅವರದು: 2007ರಲ್ಲಿ ಅರಮನೆ ಮೈದಾನಕ್ಕೆ ಬಂದ ಐರನ್ ಮೇಡನ್ ತಂಡವನ್ನು 1975ರಲ್ಲಿ ಕಟ್ಟಿದವರು ಬೇಸಿಸ್ಟ್ ಸ್ಟೀವ್ ಹ್ಯಾರಿಸ್, ಹಾಡುಗಾರರೂ ಗಿಟಾರಿಸ್ಟ್‌ಗಳೂ ಬಂದು ಹೋಗಿ ಬಂದಿದ್ದಾರೆ, ಅವರು ಅಲ್ಲೇ ಇದ್ದಾರೆ. 2002ರಲ್ಲಿ ಬೆಂಗಳೂರಿಗೆ ಬಂದಿದ್ದ ರಾಜರ್ ವಾಟರ್ಸ್, ಪಿಂಕ್ ಫ್ಲಾಯ್ಡ್ ಬಿಟ್ಟ ಮೇಲೆ ಉಳಿದವರು ಆ ಹೆಸರು ಬಳಸಕೂಡದೆಂದು ಕೋರ್ಟಿಗೇ ಹೋಗಿದ್ದರು.

ಬೆಂಗಳೂರಿನ ಮಾದರಿಗೆ ಇನ್ನೂ ಒಂದು ತೊಡಕಿದೆ. ರಘು ದೀಕ್ಷಿತ್ ಪ್ರಾಜೆಕ್ಟ್‌ನಲ್ಲಿ ಬಹುಕಾಲ ಬೇಸ್ ನುಡಿಸಿದ ಗೌರವ್ ವಾಜ಼್ ತಂಡದ ಮ್ಯಾನೇಜರೂ ಆಗಿದ್ದರು. ಸ್ವರಾತ್ಮ ತಂಡದಲ್ಲಿ ಜಿಷ್ಣು ದಾಸ್‌ಗುಪ್ತ ಎರಡೂ ಕೆಲಸ ಹೊತ್ತರು. ಕನ್ನಡವನ್ನು ರಾಕ್ ವೇದಿಕೆಗೆ ತಂದ ಎರಡು ತಂಡಗಳಲ್ಲೂ ಲೆಕ್ಕದ ಪುಸ್ತಕ ಹೋಗಿ ಸೇರಿದ್ದು ನಾಲ್ಕು ತಂತಿಯವರ ಕೈಗೆ. ಇದು ಕಾಕತಾಳೀಯ ಎಂದು ನನಗನಿಸುವುದಿಲ್ಲ. ಹಾಡಿನ ಪೂರ್ತಿ ತನ್ನ ಸದ್ದನ್ನು ಹಿಡಿದಿಟ್ಟು ಉಳಿದವರೆಲ್ಲ ಎಲ್ಲಿದ್ದಾರೆ ಎಂದು ಗಮನಿಸುತ್ತಿರುವವನಿಗೆ ಟಿಕೆಟ್ ಬುಕ್ ಮಾಡುವುದು, ಡ್ರಮ್ಮರನನ್ನು ಎಬ್ಬಿಸುವುದು, ಬಾಕಿ ಹಣಕ್ಕೆ ಆಯೋಜಕರ ಬೆನ್ನು ಹತ್ತುವುದು ಅದೇ ಕೆಲಸದ ಮುಂದುವರಿಕೆ.

ಆದ್ದರಿಂದ ನಿಮ್ಮವನನ್ನು ಕಳಿಸುವ ಮುನ್ನ ಪರಿಶೀಲಿಸಿ: ಬ್ಯಾಂಡಿನ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಯಾರ ಬಳಿ ಇದೆ, ಜಿಎಸ್‌ಟಿ ಲಾಗಿನ್ನಿನ ಒಟಿಪಿ ಯಾರ ಫೋನಿಗೆ ಬರುತ್ತದೆ, ಜ್ಯಾಮ್ ರೂಮ್ ಯಾರ ಹೆಸರಿನಲ್ಲಿ ಬುಕ್ಕಾಗಿದೆ, ವ್ಯಾನಿನ ಡ್ರೈವರ್ ಯಾರ ನಂಬರಿನಿಂದ ಕರೆ ಬಂದರೆ ಮಾತ್ರ ಎತ್ತುತ್ತಾನೆ. ಈ ವಿಷಯ ಚರ್ಚಿಸಲು ಮೀಟಿಂಗ್ ಕರೆಯುವುದಿದ್ದರೆ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಅವನೇ. ಮುಂದಿನ ಶನಿವಾರದ ಗಿಗ್ಗಿನ ಮುಂಗಡ ಬಂದಿರುವುದೂ ಅವನ ಖಾತೆಗೆ.